ಒಂದೂವರೆ ಗೇಣು ದೂರ

ಮಾರ್ಚ್ ೯, ಸೋಮವಾರ

ಇವತ್ತು ಅಕ್ಕನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವಳು ಕಳಿಸಿದ ವಿಮಾನದ ಟಿಕೆಟ್ಟಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಅದೇ ದಿನ ಹನ್ನೆರಡೂವರೆಗೆ ತಲುಪುವುದು ಎಂದಿತ್ತು. ಬರೀ ಮೂರೂವರೆ ಗಂಟೆ. ಫೋನ್ ಮಾಡಿ, "ಇಷ್ಟು ಹತ್ರ ಇದ್ಕೊಂಡು ಹನ್ನೊಂದು ವರ್ಷ ಈ ಕಡೆ ತಲೆ ಹಾಕ್ಲಿಲ್ವಲ್ಲ ನೀನು" ಎಂದು ದಬಾಯಿಸಿದೆ.

ಅವಳು ನಕ್ಕೂ ನಕ್ಕೂ, "ಪೆದ್ದಿ, ನಮ್ಮ ಗಡಿಯಾರ ನಿಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ ಕಣೆ" ಎಂದಳು.

ನಂಬಿಕೆ ಬರಲಿಲ್ಲ. ಹೊಲಿಗೆ ಅಂಗಡಿ ಮುಚ್ಚಿ, ಕೆಳಮನೆಯ ಭೂಗೋಳದ ಮೇಷ್ಟ್ರ ಹತ್ತಿರ ಹೋದೆ. ಅವರು ಗ್ಲೋಬ್ ಇಳಿಸಿ, "ದಾರ ಇದ್ಯೇನಮ್ಮಾ?" ಎಂದರು. ದರ್ಜಿಯನ್ನು ಕೇಳುವ ಮಾತೇ ಅದು? ನಮ್ಮೂರಿಂದ ಅಕ್ಕನ ಊರಿಗೆ ಬಿಗಿಯಾಗಿ ಎಳೆದು ಹಿಡಿದರೆ, ದಾರ ಅಡ್ಡಕ್ಕೆ ಹೋಗದೆ ನೆತ್ತಿಯ ಹಿಮಸಮುದ್ರವನ್ನೇ ದಾಟಿತು.

"ಹದಿಮೂರು ಸಾವಿರ ಕಿಲೋಮೀಟ್ರು. ಹದಿನಾರು ಗಂಟೆ ಕೂತಿರ್ಬೇಕಮ್ಮ."

ಅಷ್ಟು ಹೊತ್ತು ಕೈಕಟ್ಟಿ ಕೂತು ಗೊತ್ತೇ ಇಲ್ಲ ನನಗೆ. ಮೆಷಿನ್ ತುಳಿದ ಕಾಲು, ವಿಮಾನದಲ್ಲೂ ತುಳಿಯುತ್ತಲೇ ಇರುತ್ತದೆ. ನಾಡಿದ್ದೇ ಹೊರಡುವುದು. ನಿದ್ದೆ ಈಗಲೇ ಹಾರಿಹೋಗಿದೆ.

ಆ ದಾರವನ್ನು ಕತ್ತರಿಸಿ ತಂದೆ. ಅಷ್ಟು ದೂರವೆಲ್ಲ ಸೇರಿ ಒಂದೂವರೆ ಗೇಣು. ಅಕ್ಕನಿಗೆಂದು ಹೊಲಿದ ಕೋಟು ಹನ್ನೊಂದು ವರ್ಷದ ಹಿಂದಿನ ಅಳತೆಯದು. ಈಗ ದಪ್ಪಗಾಗಿದ್ದಾಳೋ ಇಳಿದುಹೋಗಿದ್ದಾಳೋ, ಫೋನಿನಲ್ಲಿ ಮುಖವೊಂದೇ ಕಾಣುತ್ತದೆ. ಅದಕ್ಕೇ ನಡುವಿನ ಗುಂಡಿ ಹಾಕದೆ ಉಳಿಸಿದ್ದೇನೆ. ಗುಂಡಿಗೆ ಆ ದಾರವನ್ನೇ ಸುತ್ತಿ ಕೋಟಿನ ಜೇಬಿಗೆ ಹಾಕಿದೆ. ಅವಳಿಗೆ ತೊಡಿಸಿ, ಅಲ್ಲಾಡಬೇಡ ಎಂದು ಗದರಿ, ಮೈಮೇಲೆಯೇ ಹೊಲಿದು, ಕೊನೆಯ ಎಳೆಯನ್ನು ಹಲ್ಲಿನಿಂದ ಕಡಿಯುವಷ್ಟು ಹತ್ತಿರ ನಿಲ್ಲಬೇಕು.