ಒಳಕೋಣೆಯ ಟಕಟಕ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಮಗಳೇ,

ನಿನಗೂ ಅಳಿಯಂದಿರಿಗೂ ಅಮ್ಮನ ಆಶೀರ್ವಾದ. ನಿನ್ನ ಪಾರ್ಸೆಲ್ ತಲುಪಿ ಎರಡು ತಿಂಗಳಾಯಿತು, ಒಂದು ಸಾಲಿನ ಉತ್ತರವನ್ನೂ ಬರೆಯಲಿಲ್ಲ. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನಸ್ಸು ನೆಟ್ಟಗಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ನಮ್ಮ ಮೊದಲ ಕಂಪ್ಯೂಟರಿನ ಜೊತೆ ಬಂದಿದ್ದ ಹಳೇ ಕೀಬೋರ್ಡನ್ನು ಅಟ್ಟದಿಂದ ಇಳಿಸಿದ್ದೇನೆ. ಅಬ್ಬಾ, ಏನು ಭಾರ! ಒಂದೊಂದು ಕೀಯನ್ನೂ ಕಿತ್ತು, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಕೂರಿಸಿದೆ. ಅದರ ದುಂಡು ಪ್ಲಗ್ಗು ಹೊಸ ಕಂಪ್ಯೂಟರಿಗೆ ಎಲ್ಲಿ ಸೇರಬೇಕು? ರಿಪೇರಿ ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಅಮ್ಮಾ, ಇದು ಟೈಪ್ ಮಾಡೋಕಾ, ಕಳ್ಳರಿಗೆ ಹೊಡೆಯೋಕಾ?" ಎಂದ. "ಎರಡಕ್ಕೂ" ಎಂದೆ. ಅವನು ಮೊದಲು ಕೊಟ್ಟ ತುಂಡು ವೈರು ಕೆಲಸಕ್ಕೆ ಬರಲಿಲ್ಲ. ಆಮೇಲೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಕೊಟ್ಟ. ಹಳೆಯದರ ಮಾತನ್ನು ಹೊಸದಕ್ಕೆ ತಿಳಿಯುವ ಹಾಗೆ ಅನುವಾದ ಮಾಡುವುದೇ ಅದರ ಕೆಲಸವಂತೆ. ಅದರ ಮೇಲೂ ಯಾರ ಹೆಸರೂ ಇಲ್ಲ.

ಒತ್ತಿದರೆ ಟಕ್, ಬಿಟ್ಟರೆ ಟಕ್. ಪಕ್ಕದ ಮನೆಗೂ ಕೇಳುತ್ತದೆ. ನೀನು ಶಾಲೆಗೆ ಸೇರಿದ ವರ್ಷ ನಿಮ್ಮಪ್ಪ ಇದನ್ನು ಅಟ್ಟಕ್ಕೆ ಹಾಕಿ ಸದ್ದಿಲ್ಲದ ಮೆತ್ತನೆಯದೊಂದು ತಂದರು. "ನಿನ್ನ ಬೆರಳು ನೋಯುತ್ತಲ್ಲ ಕಣೇ" ಎಂದರು. ನಾನು ಪೆದ್ದಿ, ಹಿಗ್ಗಿಹೋದೆ. ಅವರಿಗಿದ್ದದ್ದು ನನ್ನ ಬೆರಳಿನ ಚಿಂತೆಯಲ್ಲ, ಬಂದವರ ಕಿವಿಯ ಚಿಂತೆ.

ಈಗ ಹೇಳಿಬಿಡುತ್ತೇನೆ, ಕೇಳು. ನಿಮ್ಮಪ್ಪ ಅನುವಾದಿಸಿದರೆಂದು ಊರೆಲ್ಲ ಹೊಗಳುವ ಇಪ್ಪತ್ತಾರು ಪುಸ್ತಕಗಳಲ್ಲಿ ಮೊದಲಿನ ಎರಡು ಮಾತ್ರ ಅವರವು. ಮೂರನೆಯದರ ನಡುವೆ ಅವರ ಮಣಿಕಟ್ಟು ಮುರಿಯಿತು, ನಾನು ಮುಗಿಸಿಕೊಟ್ಟೆ. ಮೂಳೆ ಆರು ವಾರದಲ್ಲಿ ಕೂಡಿತು, ಕೆಲಸ ಮಾತ್ರ ನನ್ನ ಬಳಿಯೇ ಉಳಿಯಿತು. ನೀನು ಶಾಲೆಯಿಂದ ಬರುವಷ್ಟರಲ್ಲಿ ಕಂಪ್ಯೂಟರ್ ಆರಿಸಿ ಅಡುಗೆಮನೆಯಲ್ಲಿರುತ್ತಿದ್ದೆ. ತಾಳಿದವನು ಬಾಳಿಯಾನು ಅನ್ನುತ್ತಾರೆ. ನಮ್ಮ ಮನೆಯಲ್ಲಿ ತಾಳಿದವಳು ನಾನು, ಬಾಳಿದವರು ಅವರು.

ಹೋದ ಶುಕ್ರವಾರ ಬೆಳಗ್ಗೆ ರೇಡಿಯೋದ ಹುಡುಗಿ ಅವರ ಸಂದರ್ಶನಕ್ಕೆ ಬಂದಿದ್ದಳು. "ಒಂಬತ್ತರಿಂದ ಒಂದರ ತನಕ ನನ್ನ ಅನುವಾದದ ಹೊತ್ತು, ಯಾರೂ ಮಾತಾಡಿಸೋ ಹಾಗಿಲ್ಲ" ಎಂದು ಇವರು ಗಂಟಲು ಸರಿಮಾಡಿಕೊಂಡು ಹೇಳುವುದಕ್ಕೂ ನಾನು ಒಳಗೆ ಟಕಟಕ ಶುರುಮಾಡುವುದಕ್ಕೂ ಸರಿಹೋಯಿತು. ಬೇಕೆಂದೇ ಕಾದಿದ್ದೆ. "ಸರ್, ಆ ಸದ್ದು ಸ್ವಲ್ಪ ನಿಲ್ಲಿಸೋಕೆ ಹೇಳ್ತೀರಾ?" ಎಂದಳು ಹುಡುಗಿ.

ನಿಮ್ಮಪ್ಪ ಬಾಗಿಲಿಗೆ ಬಂದು, "ಏ, ನಿಲ್ಲಿಸೇ ಅದನ್ನ!" ಎಂದು ಹಲ್ಲು ಕಡಿದರು.

"ನಾಳೆ ಹತ್ತನೇ ಅಧ್ಯಾಯ ಹೋಗಬೇಕಲ್ರೀ. ಬನ್ನಿ, ನೀವು ಕೂತ್ಕೊಳ್ಳಿ. ನಾನು ಹೋಗಿ ಮಾತಾಡ್ತೀನಿ" ಎಂದು ಹೊರಗೆ ಕೇಳುವ ಹಾಗೆ ಹೇಳಿದೆ.

ಹುಡುಗಿ ಮೈಕು ಹಿಡಿದೇ ಅವರ ಹಿಂದೆ ಬಂದಿದ್ದಳು. ತೆರೆದಿಟ್ಟ ಮೂಲ ಪುಸ್ತಕ ನೋಡಿದಳು, ಪರದೆ ನೋಡಿದಳು. "ಅಮ್ಮಾ, ಇದು ಯಾವ ಪುಸ್ತಕ?"

"ಇವರ ಮುಂದಿನ ಪುಸ್ತಕ ಕಣಮ್ಮಾ" ಎಂದೆ.

ನಿಮ್ಮಪ್ಪನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ, ಖುಷಿಯಾಯಿತು. ನಾಲ್ಕು ದಿನದಿಂದ ಮಾತಿಲ್ಲ. ಕಾಫಿ ತಾವೇ ಮಾಡಿಕೊಳ್ಳುತ್ತಿದ್ದಾರೆ, ಹಾಲು ಉಕ್ಕಿಸುತ್ತಿದ್ದಾರೆ. ಹತ್ತನೇ ಅಧ್ಯಾಯವನ್ನು ನಾನು ಕಳಿಸಿಲ್ಲ. ಮುಖಪುಟದಲ್ಲಿ ನನ್ನ ಹೆಸರು ಬಂದರೆ ಮಾತ್ರ ಕಳಿಸುತ್ತೇನೆಂದು ಪ್ರಕಾಶಕರಿಗೆ ಬರೆದಿದ್ದೇನೆ. ಇನ್ನೂ ಉತ್ತರವಿಲ್ಲ. ಬರದಿದ್ದರೆ ಅದು ಹಾಗೇ ಇರಲಿ, ನಿಮ್ಮಪ್ಪನೇ ಕೂತು ಟೈಪ್ ಮಾಡಲಿ. ಸಂದರ್ಶನ ಭಾನುವಾರ ಹತ್ತು ಗಂಟೆಗೆ ಬರುತ್ತದಂತೆ. ಏನನ್ನೂ ಕತ್ತರಿಸಿಲ್ಲ ಎಂದು ಹುಡುಗಿ ಫೋನು ಮಾಡಿದ್ದಳು. ತಪ್ಪದೆ ಕೇಳು.

ಆರೋಗ್ಯ ನೋಡಿಕೋ. ನಿನ್ನ ಕೆಲಸಕ್ಕೆ ಯಾವಾಗಲೂ ನಿನ್ನದೇ ಹೆಸರಿರಲಿ.

ನಿನ್ನ
ಅಮ್ಮ

ತಾ.ಕ.: ಪಾರ್ಸೆಲ್ಲಿನಲ್ಲಿ ನೀನು ಬರೆದ ಪುಸ್ತಕ ಇತ್ತಲ್ಲ, ಅದರ ಅರ್ಪಣೆಯ ಪುಟ ಓದಿದ ದಿನವೇ ನಾನು ಅಟ್ಟ ಹತ್ತಿದ್ದು. "ತೊಡೆಯ ಮೇಲೆ ನನ್ನನ್ನು ಮಲಗಿಸಿಕೊಂಡು ಟೈಪ್ ಮಾಡುತ್ತಿದ್ದ ಅಪ್ಪನಿಗೆ" ಎಂದು ಬರೆದಿದ್ದೀ. ಅವರು ಬಂದವರಿಗೆಲ್ಲ ಹಾಗೆ ಹೇಳಿಕೊಂಡದ್ದನ್ನು ನಾನೂ ಕೇಳಿದ್ದೇನೆ. ಆದರೆ ಆ ತೊಡೆ ನನ್ನದು, ಮಲಗಿದ್ದವಳು ನೀನು. ನಿಮ್ಮಪ್ಪನ ಮೇಲಿನ ಸಿಟ್ಟು ಶುಕ್ರವಾರ ಇಳಿಯಿತು ಮಗಳೇ. ನಿನ್ನ ಮೇಲಿನದು ಇನ್ನೂ ಇಳಿದಿಲ್ಲ.