ಒಂದು ಸಾಲು ಮುಂದೆ

೧೨ ಆಗಸ್ಟ್, ಮಂಗಳವಾರ. ಅರಸೀಕೆರೆ

ಸದ್ಯ, ಬದುಕಿದೆ. ಅಕ್ಕನ ಲ್ಯಾಪ್‌ಟಾಪ್ ಪ್ರಿನ್ಸಿಪಾಲರ ಬೀರು ಸೇರದೆ ಮನೆಗೇ ಬಂತು.

ತರಗತಿಗೆ ಲ್ಯಾಪ್‌ಟಾಪ್ ತರಬಾರದೆಂದು ನಿನ್ನೆಯಷ್ಟೇ ನೋಟಿಸ್ ಹಾಕಿದ್ದರು. ಆದರೂ ಒಯ್ದೆ, ನನ್ನ ಹಟ. ಅರ್ಥಶಾಸ್ತ್ರದ ಭೀಮರಾಜ್ ಸರ್ ಎಂದಿನಂತೆ ನೋಟ್ಸ್ ಹೇಳಿ ಬರೆಸುತ್ತಿದ್ದವರು ನನ್ನ ಬೆಂಚಿನ ಹತ್ತಿರ ಬಂದು ನಿಂತರು.

“ಸಿನಿಮಾ ನೋಡ್ತಿದ್ದೀಯೇನಮ್ಮ?”

“ಇಲ್ಲ ಸರ್, ನಿಮ್ ನೋಟ್ಸೇ. ಹೋದ್ ವರ್ಷ ಸೀನಿಯರ್ಸ್ ಟೈಪ್ ಮಾಡಿದ್ದು. ನೀವು ಹೇಳೋಕ್ ಮುಂಚೇನೇ ಮುಂದಿನ್ ಸಾಲು ಇದ್ರಲ್ಲಿರುತ್ತೆ.”

ಬಾಯಿ ತಪ್ಪಿ ಬಂದುಬಿಟ್ಟಿತು. ಸರ್ ಬಗ್ಗಿ ಓದಿದರು, ಆಮೇಲೆ ನಕ್ಕರು.

“ಒಂದ್ ಪದಾನೂ ಬಿಟ್ಟಿಲ್ವಲ್ಲ. ಹಂಗಾದ್ರೆ ನಾನ್ಯಾಕೆ ಗಂಟ್ಲು ಹರ್ಕೊಳ್ಲಿ?”

ಕೈಯಲ್ಲಿದ್ದ ಹಾಳೆಗಳನ್ನು ಮಡಚಿ ಜೇಬಿಗಿಟ್ಟು ಮೇಜಿನ ಅಂಚಿನಲ್ಲಿ ಕುಳಿತರು. ಇವತ್ತು ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು. ಬೆಲೆ ಏರುವ ಹೊತ್ತಿಗೆ ಬೆಳೆದವರ ಹತ್ತಿರ ಕೊಬ್ಬರಿ ಯಾಕೆ ಉಳಿದಿರುವುದಿಲ್ಲ ಎಂದು ಕೇಳಿದರು. ಮನೆಯಲ್ಲಿ ತೆಂಗಿನ ತೋಟವಿರುವ ಜಾವಗಲ್ ಕಡೆಯವರೆಲ್ಲ ಒಟ್ಟಿಗೇ ಬಾಯಿ ಹಾಕಿದರು. ನಾನೂ ಜಗಳಕ್ಕೆ ಬಿದ್ದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ನೋಟಿಸ್ ಇನ್ನೂ ಗೋಡೆಯ ಮೇಲಿದೆ, ನಾಳೆ ಏನೋ. ಇರಲಿ, ನಿದ್ದೆ ಎಳೆಯುತ್ತಿದೆ. ಒಂದು ಮಾತ್ರ ನೆನಪಾಗುತ್ತಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದ್ದು ಯಾವಾಗ? ಮುಚ್ಚು ಎಂದು ಯಾರೂ ಹೇಳಿರಲಿಲ್ಲ.