ತರಗತಿಯ ಕುರ್ಚಿ

ಜುಲೈ ೧೨, ಶನಿವಾರ.

ನನ್ನ ಕೈಕೆಳಗೆ ಗಣಿತ ಕಲಿಸುತ್ತಿದ್ದವಳು ಈ ಮಧ್ಯಾಹ್ನ ಬಂದಿದ್ದಳು. ಈಗ ಅದೇ ಶಾಲೆಗೆ ಅವಳೇ ಮುಖ್ಯೋಪಾಧ್ಯಾಯಿನಿ.

"ಬೈಬೇಡಿ ಮೇಡಂ, ತರಗತಿಗಳಲ್ಲೆಲ್ಲ ಟೀಚರ್‌ಗಳಿಗೆ ಕುರ್ಚಿ ಹಾಕಿಸ್ಬಿಟ್ಟೆ."

"ಸೋಮಾರಿಗಳಾಗುತ್ತಾರೆ," ಎಂದೆ.

"ಮೊದಲು ನಾನೇ ಕೂತೆ. ಸೊಂಟ ನೋಯ್ತಿದೆ ಅಂತ ಬಾಯಿಬಿಟ್ಟು ಹೇಳಿದೆ. ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ಕಷ್ಟ ಹೇಳ್ಕೊಂಡ್ರು. ನಿಮ್ಮ ಕಾಲದ ಸುಳ್ಳು ಜ್ವರದ ರಜೆಗಳೆಲ್ಲ ನಿಂತೇಹೋದ್ವು!"

ಶಿಕ್ಷಕಿಯರು ನಿಂತೇ ಪಾಠ ಮಾಡಬೇಕೆಂದು ಕುರ್ಚಿಗಳನ್ನು ಉಗ್ರಾಣಕ್ಕೆ ಸಾಗಿಸಿದವಳು ನಾನು. ಊದಿದ ಕಾಲುಗಳನ್ನು ಮೇಜಿನ ಹಿಂದೆ ಮರೆಮಾಡಿಕೊಂಡು ಇಪ್ಪತ್ತೊಂಬತ್ತು ವರ್ಷ ನಿಂತೆ; ಅದನ್ನೇ ಶಿಸ್ತೆಂದು ನಂಬಿದೆ. ತನ್ನ ದೇಹಕ್ಕೇ ಕರುಣೆ ತೋರದವಳಿಗೆ ಪರರ ನೋವು ಕಾಣುವುದಾದರೂ ಹೇಗೆ?

ಬಸಿರಿನ ಐದನೆಯ ತಿಂಗಳಲ್ಲಿ ಇವಳೇ ಬಂದು ಕುರ್ಚಿ ಕೇಳಿದ್ದಳು. "ನಾನು ಕುಳಿತಿದ್ದೇನೆಯೇ?" ಎಂದಿದ್ದೆ. ಆ ಮಗು ಉಳಿಯಲಿಲ್ಲ. ನಿಂತದ್ದರಿಂದಲೇ ಹೀಗಾಯಿತೆಂದು ವೈದ್ಯರು ಹೇಳಲಿಲ್ಲ. ಅವಳೂ ಹೇಳಲಿಲ್ಲ, ಅಂದೂ, ಇಂದೂ.

ಹೊರಡುವಾಗ ನನ್ನ ಕಾಲುಗಳತ್ತ ನೋಡಿದಳು. ಸ್ಟೂಲೊಂದನ್ನು ಎಳೆದು ತಂದು, ಎರಡು ಕೈಯಿಂದಲೂ ಅವುಗಳನ್ನೆತ್ತಿ ಅದರ ಮೇಲಿಟ್ಟಳು.

"ಸ್ವಲ್ಪ ಹೊತ್ತು ಹೀಗೇ ಇರಿ, ಮೇಡಂ."

ಕ್ಷಮಿಸು ಎನ್ನಬೇಕಿತ್ತು. ಬಾಗಿಲನ್ನು ಸದ್ದಿಲ್ಲದೆ ಹಾಕಿಕೊಂಡು ಹೋಗು ಎಂದೆ.